ಕಚೇರಿಯ ಕ್ಯಾಲೆಂಡರೂ ಗಡಿಯಾರದ ಕಾನೂನೂ: ೨೦೦೭ರ ಒಂದು ಗಂಟೆಯ ವಿಚಾರ

೧

ಇ-ಮೇಲ್ ತಂತ್ರಾಂಶದೊಡನೆ ಬರುವ ಕ್ಯಾಲೆಂಡರು ಇಂದಿನ ಕಚೇರಿಗಳಲ್ಲಿ ನಿತ್ಯೋಪಯೋಗಿಯಾದ ದಫ್ತರವಾಗಿದೆ. ಸಭೆ ಕರೆಯುವವರು ಆಹ್ವಾನವನ್ನು ಕಳುಹಿಸುತ್ತಾರೆ. ಒಪ್ಪಿದವರ ಕ್ಯಾಲೆಂಡರಿನಲ್ಲಿ ಅದು ತಾನಾಗಿ ನಮೂದಾಗುತ್ತದೆ. ಮೇಜಿನ ಮೇಲಿನ ಕಂಪ್ಯೂಟರು, ಕೈಯಲ್ಲಿರುವ ಮೊಬೈಲು, ಎಲ್ಲಿಯೋ ದೂರದಲ್ಲಿರುವ ಸರ್ವರು ಈ ಮೂರೂ ಒಂದೇ ಮಾತನ್ನು ಹೇಳಬೇಕೆಂಬುದು ನಿರೀಕ್ಷೆ. ಈ ಹೊಂದಾಣಿಕೆಯನ್ನು ಬಳಕೆಯಲ್ಲಿ ಸಿಂಕ್ ಎಂದು ಕರೆಯುತ್ತಾರೆ. ಅದು ಕೆಟ್ಟಾಗ ಒಂದೇ ಸಭೆ ಒಬ್ಬರಿಗೆ ಹತ್ತು ಗಂಟೆಗೂ ಮತ್ತೊಬ್ಬರಿಗೆ ಹನ್ನೊಂದು ಗಂಟೆಗೂ ತೋರುತ್ತದೆ. ಒಂದು ದಿನದ ರಜೆ ಎರಡು ದಿನಗಳ ಮೇಲೆ ಚಾಚಿಕೊಳ್ಳುತ್ತದೆ. ರದ್ದಾದ ಸಭೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಇಂಥ ತೊಡಕು ಬಂದೊಡನೆ ಅದನ್ನು ಯಂತ್ರದ ದೋಷವೆಂದು ನಿರ್ಣಯಿಸಿ, ತಂತ್ರಾಂಶವನ್ನು ಮುಚ್ಚಿ ತೆರೆಯುವುದು, ಖಾತೆಯನ್ನು ಅಳಿಸಿ ಮತ್ತೆ ಸೇರಿಸುವುದು ವಾಡಿಕೆ. ಕೆಲವೊಮ್ಮೆ ಅದರಿಂದ ಪ್ರಯೋಜನವೂ ಉಂಟು. ಆದರೆ ಈ ಕ್ಯಾಲೆಂಡರುಗಳ ಚರಿತ್ರೆಯನ್ನು ಪರಿಶೀಲಿಸಿದರೆ, ತೊಡಕುಗಳಲ್ಲಿ ಅತ್ಯಂತ ಕಠಿಣವಾದವು ಯಂತ್ರವು ತಪ್ಪಿ ನಡೆದುದರಿಂದ ಬಂದವಲ್ಲ, ಹೇಳಿದಂತೆಯೇ ನಡೆದುದರಿಂದ ಬಂದವು ಎಂದು ತಿಳಿದುಬರುತ್ತದೆ. ಸಭೆಯೆಂಬುದು ಜನರು ತಮ್ಮ ತಮ್ಮಲ್ಲಿ ಮಾಡಿಕೊಂಡ ಒಂದು ಕರಾರು. ಯಂತ್ರವು ಬರೆದಿಟ್ಟುಕೊಳ್ಳುವುದು ಕಾಲದ ಒಂದು ಬಿಂದುವನ್ನು. ಇವೆರಡೂ ಒಂದೇ ಅಲ್ಲ. ಇವುಗಳ ಅಂತರವು ೨೦೦೭ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಎಲ್ಲರ ಕಣ್ಣಿಗೂ ಬಿದ್ದಿತು. ಆ ಪ್ರಸಂಗವನ್ನು ಅದರ ಪೂರ್ವೋತ್ತರಗಳೊಡನೆ ವಿವೇಚಿಸುವುದು ಈ ಲೇಖನದ ಉದ್ದೇಶ.

೨

ಮೊದಮೊದಲು ಸಿಂಕ್ ಎಂಬ ಸಮಸ್ಯೆಯೇ ಇರಲಿಲ್ಲ. ೧೯೮೦ರ ದಶಕದಲ್ಲಿ ಐಬಿಎಂ ಸಂಸ್ಥೆಯ ಪ್ರಾಫ್ಸ್ ಎಂಬ ಕಚೇರಿ ವ್ಯವಸ್ಥೆಯಲ್ಲಿ ಟಪಾಲು, ಕ್ಯಾಲೆಂಡರು ಎರಡೂ ಇದ್ದವು. ಆದರೆ ಎಲ್ಲವೂ ದೊಡ್ಡ ಗಣಕವೊಂದರಲ್ಲಿಯೇ ನೆಲಸಿದ್ದು, ನೌಕರರ ಮುಂದಿದ್ದುದು ಬರಿಯ ತೆರೆ. ಪುಸ್ತಕ ಒಂದೇ, ಓದುವವರು ಹಲವರು. ಒಂದೇ ಪ್ರತಿಯಿರುವಲ್ಲಿ ಪಾಠಭೇದಕ್ಕೆ ಅವಕಾಶವಿಲ್ಲ.

ಪ್ರತಿಗಳು ಹುಟ್ಟಿದಾಗ ಭೇದವೂ ಹುಟ್ಟಿತು. ೧೯೯೬ರಲ್ಲಿ ಬಂದ ಪಾಮ್ ಪೈಲಟ್ ಎಂಬ ಅಂಗೈಯಗಲದ ಉಪಕರಣವನ್ನು ತೊಟ್ಟಿಲಿನಂಥ ಆಧಾರದಲ್ಲಿಟ್ಟು ಗುಂಡಿಯೊತ್ತಿದರೆ ಅದರ ಕ್ಯಾಲೆಂಡರೂ ಕಂಪ್ಯೂಟರಿನ ಕ್ಯಾಲೆಂಡರೂ ಸರಿಹೊಂದುತ್ತಿದ್ದವು. ಒಂದೇ ನಮೂದನ್ನು ಎರಡು ಕಡೆಯೂ ಬೇರೆ ಬೇರೆಯಾಗಿ ತಿದ್ದಿದ್ದರೆ ಎರಡನ್ನೂ ಉಳಿಸಿಕೊಳ್ಳುವುದು ಅದರ ಕ್ರಮ. ಯಾವುದು ಸರಿಯೆಂದು ತೀರ್ಮಾನಿಸುವ ಅಧಿಕಾರವನ್ನು ಆ ಯಂತ್ರವು ತನ್ನ ಮೇಲೆ ಹಾಕಿಕೊಳ್ಳಲಿಲ್ಲ. ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಈ ವಿನಯ ಪರಿಚಿತವಾದುದೇ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಪಲ್, ಎಟಿ ಆಂಡ್ ಟಿ, ಐಬಿಎಂ, ಸೀಮೆನ್ಸ್ ಕೂಡಿ ಸ್ಥಾಪಿಸಿದ್ದ ವರ್ಸಿಟ್ ಎಂಬ ಕೂಟವು ವಿಕ್ಯಾಲೆಂಡರ್ ಎಂಬ ಸಮಾನ ಬರವಣಿಗೆಯ ಕ್ರಮವನ್ನು ಪ್ರಕಟಿಸಿತು. ಇದರ ಅಡಿಪಾಯದ ಮೇಲೆ ೧೯೯೮ರ ನವೆಂಬರಿನಲ್ಲಿ ಐಕ್ಯಾಲೆಂಡರ್ ಎಂಬ ಮಾನಕವು ಆರ್‌ಎಫ್‌ಸಿ ೨೪೪೫ ಎಂಬ ಸಂಖ್ಯೆಯಿಂದ ಹೊರಬಂದಿತು. ಅದನ್ನು ಸಿದ್ಧಪಡಿಸಿದವರಲ್ಲಿ ಫ್ರಾಂಕ್ ಡಾಸನ್ ಲೋಟಸ್ ಸಂಸ್ಥೆಯವರು, ಡೆರಿಕ್ ಸ್ಟೆನರ್ಸನ್ ಮೈಕ್ರೋಸಾಫ್ಟಿನವರು. ಮಾರುಕಟ್ಟೆಯಲ್ಲಿ ಪ್ರತಿಸ್ಪರ್ಧಿಗಳಾಗಿದ್ದ ಎರಡು ಸಂಸ್ಥೆಗಳು ಕಾಲವನ್ನು ಬರೆಯುವ ರೀತಿಯಲ್ಲಿ ಒಮ್ಮತಕ್ಕೆ ಬಂದುದು ಗಮನಾರ್ಹ.

ಈ ಮಾನಕವು ಕಾಲವನ್ನು ಮೂರು ವಿಧವಾಗಿ ಬರೆಯಲು ಅವಕಾಶ ಕೊಟ್ಟಿತು. ಮೊದಲನೆಯದು, ಯುಟಿಸಿ ಎಂದು ಕರೆಯುವ ವಿಶ್ವಕಾಲಮಾನದಲ್ಲಿ ಬರೆದುದು. ಇದು ಭೂಮಂಡಲಕ್ಕೆಲ್ಲ ಒಂದೇ ಕ್ಷಣ. ಎರಡನೆಯದು, ಒಂದು ಊರಿನ ಅಥವಾ ಪ್ರದೇಶದ ಗಡಿಯಾರದ ಹೊತ್ತು. ಇದರ ಜೊತೆಗೆ ಆ ಕಾಲವಲಯದ ಹೆಸರೂ ಅದರ ನಿಯಮವೂ ಇರಬೇಕು. ಮೂರನೆಯದು ಯಾವ ವಲಯಕ್ಕೂ ಕಟ್ಟುಬೀಳದ ಹೊತ್ತು. ಬೆಳಗಿನ ಎಂಟು ಗಂಟೆಗೆ ಔಷಧ ತೆಗೆದುಕೊಳ್ಳಬೇಕೆಂಬ ನಮೂದು, ಮನುಷ್ಯರು ಎಲ್ಲಿಗೆ ಹೋದರೂ ಅಲ್ಲಿನ ಎಂಟು ಗಂಟೆಯನ್ನೇ ಹಿಡಿಯಬೇಕಷ್ಟೆ. ಇವಲ್ಲದೆ, ಗಂಟೆಯೇ ಇಲ್ಲದ ಕೇವಲ ದಿನಾಂಕವನ್ನು ಬರೆಯುವುದಕ್ಕೂ ಎಡೆಯಿತ್ತು. ಪ್ರತಿಯೊಂದು ನಮೂದಿಗೂ ಬೇರೊಂದಕ್ಕೆ ಬಾರದ ಗುರುತು, ಪರಿಷ್ಕರಣದ ಕ್ರಮಸಂಖ್ಯೆ, ಕರೆದವರ ಹೆಸರು ಇವು ಸೇರಿದವು. ಕರೆದವರು ತಿದ್ದಬಹುದು; ಕರೆಯಿಸಿಕೊಂಡವರು ಒಪ್ಪಬಹುದು, ಒಲ್ಲೆನೆನ್ನಬಹುದು, ಬೇರೆ ವೇಳೆಯನ್ನು ಸೂಚಿಸಬಹುದು; ಆದರೆ ಮೂಲವನ್ನು ತಾವಾಗಿ ಬದಲಿಸುವಂತಿಲ್ಲ. ಕರಾರಿನ ಧರ್ಮವು ಇಲ್ಲಿ ಸ್ವಲ್ಪಮಟ್ಟಿಗೆ ಸೂತ್ರಬದ್ಧವಾಯಿತು ಎನ್ನಬಹುದು.

೩

ಕಾಲವಲಯದ ನಿಯಮವೆಂದೆವು. ಇದು ಖಗೋಳದ ನಿಯಮವಲ್ಲ, ಸರ್ಕಾರದ ನಿಯಮ. ನಮ್ಮ ದೇಶದ ಉದಾಹರಣೆಯೇ ಸಾಕು. ೧೯೦೬ರ ಜನವರಿ ೧ರಿಂದ ಭಾರತದ ಪ್ರಮಾಣ ಕಾಲವು ಪೂರ್ವ ರೇಖಾಂಶ ೮೨½ ಅಂಶವನ್ನು ಆಧರಿಸಿ ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದೆ ನಿಂತಿತು. ಆದರೂ ಕಲ್ಕತ್ತೆಯು ತನ್ನ ಕಾಲವನ್ನು ೧೯೪೮ರವರೆಗೂ, ಮುಂಬಯಿಯು ಪ್ರಮಾಣ ಕಾಲಕ್ಕಿಂತ ೩೯ ನಿಮಿಷ ಹಿಂದಿದ್ದ ತನ್ನ ಕಾಲವನ್ನು ೧೯೫೫ರವರೆಗೂ ಉಳಿಸಿಕೊಂಡವು. ಮಹಾಯುದ್ಧದ ನಿಮಿತ್ತ ೧೯೪೨ರ ಸೆಪ್ಟೆಂಬರಿನಿಂದ ೧೯೪೫ರ ಅಕ್ಟೋಬರಿನವರೆಗೆ ದೇಶದ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಸರಿದಿದ್ದವು. ಆದಕಾರಣ, ಹಳೆಯ ಕಾಗದವೊಂದರಲ್ಲಿ ಬೆಳಿಗ್ಗೆ ಹತ್ತು ಗಂಟೆಯೆಂದಿದ್ದರೆ ಯಾವ ಊರು, ಯಾವ ವರ್ಷ ಎಂಬುದನ್ನು ಕೇಳದೆ ಆ ಕ್ಷಣವನ್ನು ನಿರ್ಧರಿಸುವಂತಿಲ್ಲ.

ಪಂಚಾಂಗ ಬಲ್ಲವರಿಗೆ ಈ ಮಾತು ಹೊಸದಲ್ಲ. ತಿಥಿಯು ಆರಂಭವಾಗುವ ಕ್ಷಣ ಒಂದೇ ಆಗಿದ್ದರೂ ಅದು ಯಾವ ದಿನಕ್ಕೆ ಸಲ್ಲಬೇಕೆಂಬುದನ್ನು ಆಯಾ ಊರಿನ ಸೂರ್ಯೋದಯವೂ ಆಯಾ ಸಂಪ್ರದಾಯವೂ ನಿರ್ಣಯಿಸುತ್ತವೆ. ಏಕಾದಶಿಯ ಉಪವಾಸವು ಸ್ಮಾರ್ತರಿಗೊಂದು ದಿನ, ವೈಷ್ಣವರಿಗೆ ಮರುದಿನ ಆಗುವುದುಂಟು. ಲೆಕ್ಕ ಒಂದೇ ಆಗಿರುವಾಗಲೂ ಹೀಗಾಗಬಹುದು. ಏಕೆಂದರೆ ನಿಯಮ ಬೇರೆ.

ಲೋಕದ ಕಾಲವಲಯಗಳ ನಿಯಮಗಳನ್ನು ಒಂದೆಡೆ ಸಂಗ್ರಹಿಸುವ ಕಾರ್ಯವನ್ನು ೧೯೮೦ರ ದಶಕದಲ್ಲಿ ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿದರು. ಪಾಲ್ ಎಗರ್ಟ್ ಅದನ್ನು ಮುಂದುವರಿಸಿದರು. ೨೦೧೧ರಿಂದ ಇಂಟರ್‌ನೆಟ್ ಸಂಖ್ಯಾನಾಮಗಳನ್ನು ನಿರ್ವಹಿಸುವ ಐಎಎನ್‌ಎ ಅದಕ್ಕೆ ಆಶ್ರಯ ಕೊಟ್ಟಿದೆ. ಈ ಕೋಷ್ಟಕದಲ್ಲಿ ವಲಯಗಳಿಗೆ ಊರುಗಳ ಹೆಸರಿದ್ದು, ನಮ್ಮದು ಏಷ್ಯಾ/ಕೋಲ್ಕತಾ ಎಂದಿದೆ. ಹಿಂದಣ ವರ್ಷಗಳ ನಿಯಮಗಳೂ ಅದರಲ್ಲಿ ದಾಖಲಾಗಿವೆ. ಮೈಕ್ರೋಸಾಫ್ಟಿನ ವಿಂಡೋಸ್ ಇದನ್ನು ಬಿಟ್ಟು ತನ್ನದೇ ಆದ ಕೋಷ್ಟಕವನ್ನು ಇಟ್ಟುಕೊಂಡಿತು. ವಿಂಡೋಸ್ ಎಕ್ಸ್‌ಪಿಯವರೆಗೆ ಆ ಕೋಷ್ಟಕದಲ್ಲಿ ಒಂದು ವಲಯಕ್ಕೆ ಒಂದೇ ನಿಯಮ. ಕಳೆದ ವರ್ಷಕ್ಕೂ ಬರುವ ವರ್ಷಕ್ಕೂ ಅದೇ. ನಿಯಮ ಬದಲಾಗದಿರುವವರೆಗೆ ಇದರಲ್ಲಿ ಕೊರತೆ ತೋರಲಿಲ್ಲ.

೪

ಅಮೆರಿಕದಲ್ಲಿ ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯಿದೆ. ೧೯೮೭ರಿಂದ ಇದು ಏಪ್ರಿಲ್ ತಿಂಗಳ ಮೊದಲನೆಯ ಭಾನುವಾರ ಮೊದಲಾಗಿ ಅಕ್ಟೋಬರಿನ ಕೊನೆಯ ಭಾನುವಾರ ಮುಗಿಯುತ್ತಿತ್ತು. ೨೦೦೫ರ ಆಗಸ್ಟ್ ೮ರಂದು ಅಧ್ಯಕ್ಷರ ಅಂಕಿತ ಪಡೆದ ಶಕ್ತಿನೀತಿ ಕಾಯಿದೆಯು ವಿದ್ಯುತ್ತಿನ ಮಿತವ್ಯಯವನ್ನು ಉದ್ದೇಶಿಸಿ ಈ ಅವಧಿಯನ್ನು ಹಿಗ್ಗಿಸಿತು. ೨೦೦೭ರಿಂದ ಅದು ಮಾರ್ಚ್ ತಿಂಗಳ ಎರಡನೆಯ ಭಾನುವಾರ ಮೊದಲಾಗಿ ನವೆಂಬರಿನ ಮೊದಲನೆಯ ಭಾನುವಾರ ಮುಗಿಯಬೇಕಾಯಿತು. ಆ ವರ್ಷ ಗಡಿಯಾರವು ಏಪ್ರಿಲ್ ೧ರ ಬದಲು ಮಾರ್ಚ್ ೧೧ರಂದು ಮುಂದೆ ಸರಿಯಿತು. ವಸಂತದಲ್ಲಿ ಮೂರು ವಾರ, ಶರತ್ತಿನಲ್ಲಿ ಒಂದು ವಾರ, ಹೀಗೆ ಹಳೆಯ ನಿಯಮಕ್ಕೂ ಹೊಸ ನಿಯಮಕ್ಕೂ ನಾಲ್ಕು ವಾರಗಳ ಭೇದವುಂಟಾಯಿತು.

ಈ ನಾಲ್ಕು ವಾರಗಳಲ್ಲಿ ಆದುದೇನೆಂಬುದನ್ನು ಉದಾಹರಣೆಯಿಂದ ತಿಳಿಯೋಣ. ನ್ಯೂಯಾರ್ಕಿನ ಅಧಿಕಾರಿಯೊಬ್ಬರು ೨೦೦೬ರ ಡಿಸೆಂಬರಿನಲ್ಲಿಯೇ ಮುಂದಿನ ಮಾರ್ಚ್ ೧೪ರ ಬೆಳಿಗ್ಗೆ ಹತ್ತು ಗಂಟೆಗೆ ಸಭೆಯನ್ನು ಗೊತ್ತುಮಾಡಿದರೆಂದಿಟ್ಟುಕೊಳ್ಳಿ. ಔಟ್‌ಲುಕ್ ತಂತ್ರಾಂಶವು ಒಂಟಿ ನಮೂದುಗಳನ್ನು ವಿಶ್ವಕಾಲಮಾನಕ್ಕೆ ಪರಿವರ್ತಿಸಿ ಶೇಖರಿಸುತ್ತಿತ್ತು. ಹಳೆಯ ನಿಯಮದಂತೆ ಮಾರ್ಚ್ ೧೪ ಚಳಿಗಾಲದ ಕಾಲಮಾನಕ್ಕೆ ಸೇರಿದ್ದರಿಂದ ಹತ್ತು ಗಂಟೆಗೆ ಐದನ್ನು ಕೂಡಿ ಹದಿನೈದು ಗಂಟೆಯೆಂದು ಬರೆದಿಟ್ಟಿತು. ೨೦೦೭ರ ಫೆಬ್ರವರಿಯಲ್ಲಿ ಕಂಪ್ಯೂಟರಿಗೆ ಹೊಸ ನಿಯಮವನ್ನು ಸೇರಿಸಲಾಯಿತು. ಈಗ ಅದೇ ಮಾರ್ಚ್ ೧೪ ಬೇಸಗೆಯ ಕಾಲಮಾನಕ್ಕೆ ಸೇರಿತು. ಕಳೆಯಬೇಕಾದುದು ನಾಲ್ಕೇ ಗಂಟೆ. ಹದಿನೈದರಲ್ಲಿ ನಾಲ್ಕು ಕಳೆದರೆ ಹನ್ನೊಂದು. ಸಭೆ ಹನ್ನೊಂದಕ್ಕೆ ಸರಿಯಿತು.

ಇಲ್ಲಿ ಗಣಿತದಲ್ಲಿ ತಪ್ಪಿಲ್ಲ. ಬರೆದಿಡುವಾಗ ಮಾಡಿದ ಸಂಕಲನವೂ ಸರಿ. ತೋರಿಸುವಾಗ ಮಾಡಿದ ವ್ಯವಕಲನವೂ ಸರಿ. ಇವೆರಡರ ನಡುವೆ ದೇಶದ ಕಾನೂನು ಬದಲಾಯಿತು. ಅಧಿಕಾರಿಯ ಮಾತು ಹತ್ತು ಗಂಟೆಯೆಂದಿತ್ತು. ಯಂತ್ರವು ಆ ಮಾತನ್ನು ಬಿಟ್ಟು ಅದರ ಫಲಿತವನ್ನು ಮಾತ್ರ ಇಟ್ಟುಕೊಂಡಿತು.

ವಾರವಾರವೂ ಮರುಕಳಿಸುವ ಸಭೆಗಳ ಗತಿ ಬೇರೆ. ಅವುಗಳೊಳಗೆ ವಲಯದ ನಿಯಮವೂ ಅಡಕವಾಗಿರುತ್ತಿತ್ತು. ಆದರೆ ಅದು ನಮೂದು ಹುಟ್ಟಿದ ದಿನದ ಹಳೆಯ ನಿಯಮ. ತತ್ಪರಿಣಾಮವಾಗಿ ಆ ಸಭೆಗಳು ಮೂರು ವಾರ ಹನ್ನೊಂದಕ್ಕೆ ತೋರಿ ಏಪ್ರಿಲ್ ತಿಂಗಳಲ್ಲಿ ತಾವಾಗಿಯೇ ಹತ್ತಕ್ಕೆ ಮರಳುತ್ತಿದ್ದವು. ಇಡೀ ದಿನದ ನಮೂದುಗಳನ್ನು ನಡುರಾತ್ರಿಯಿಂದ ನಡುರಾತ್ರಿಯವರೆಗಿನ ಅವಧಿಯೆಂದು ಇಟ್ಟಿದ್ದರಿಂದ ಅವು ರಾತ್ರಿ ಒಂದು ಗಂಟೆಗೆ ಆರಂಭವಾಗಿ ಮರುದಿನದ ಒಂದು ಗಂಟೆಗೆ ಮುಗಿದು ಎರಡು ದಿನಗಳನ್ನು ಆಕ್ರಮಿಸಿದವು. ಒಂದೇ ಕಚೇರಿಯಲ್ಲಿ ವಿಂಡೋಸಿಗೊಂದು, ಯೂನಿಕ್ಸಿಗೊಂದು, ಜಾವಾ ಭಾಷೆಯ ಕ್ರಮವಿಧಿಗಳಿಗೊಂದು, ಬ್ಲಾಕ್‌ಬೆರಿ ಫೋನಿಗೊಂದು ಹೀಗೆ ಬೇರೆ ಬೇರೆ ಕೋಷ್ಟಕಗಳಿದ್ದು, ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಸಾಧನಗಳು ಪರಸ್ಪರ ವಿರುದ್ಧವಾಗಿ ನುಡಿಯುತ್ತಿದ್ದವು. ಮುಖ್ಯ ಬೆಂಬಲದ ಅವಧಿಯು ೨೦೦೫ರಲ್ಲಿಯೇ ಮುಗಿದಿದ್ದ ವಿಂಡೋಸ್ ೨೦೦೦ಕ್ಕೆ ಸಾಮಾನ್ಯ ರೀತಿಯ ತಿದ್ದುಪಡಿ ದೊರೆಯಲಿಲ್ಲ; ಅದನ್ನು ಬಳಸುತ್ತಿದ್ದವರು ಕೈಯಾರೆ ನಿಯಮವನ್ನು ಬದಲಿಸಿಕೊಳ್ಳಬೇಕಾಯಿತು.

೫

ಇದರ ಪರಿಹಾರಕ್ಕಾಗಿ ಮೈಕ್ರೋಸಾಫ್ಟ್ ಎರಡು ಉಪಕರಣಗಳನ್ನು ಕೊಟ್ಟಿತು. ಒಂದನ್ನು ನೌಕರರು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ನಡೆಸಬಹುದಾಗಿತ್ತು. ಇನ್ನೊಂದನ್ನು ಕಚೇರಿಯ ಆಡಳಿತಗಾರರು ಎಕ್ಸ್‌ಚೇಂಜ್ ಸರ್ವರಿನ ಎಲ್ಲ ಅಂಚೆಪೆಟ್ಟಿಗೆಗಳ ಮೇಲೂ ಒಟ್ಟಿಗೆ ನಡೆಸಬಹುದಾಗಿತ್ತು. ಆ ನಾಲ್ಕು ವಾರಗಳ ನಮೂದುಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಳ್ಳಿದರಾಯಿತಲ್ಲವೇ ಎಂದು ಶಂಕೆ ಬರಬಹುದು. ಹಾಗೆ ಮಾಡುವಂತಿರಲಿಲ್ಲ. ಹೊಸ ನಿಯಮ ಸೇರಿದ ಮೇಲೆ ಹುಟ್ಟಿದ ನಮೂದುಗಳು ಸರಿಯಾಗಿಯೇ ಇದ್ದವು. ಅವನ್ನು ತಳ್ಳಿದರೆ ಕೆಡುತ್ತಿದ್ದವು. ಲಂಡನ್ನಿನವರು ತಮ್ಮ ಗಡಿಯಾರಕ್ಕನುಸಾರವಾಗಿ ಕರೆದ ಸಭೆಗಳನ್ನು ಮುಟ್ಟುವಂತಿರಲಿಲ್ಲ. ಕರೆದವರೂ ಕರೆಯಿಸಿಕೊಂಡವರೂ ಇಬ್ಬರೂ ತಿದ್ದಿದರೆ ಹನ್ನೊಂದಾಗಿದ್ದುದು ಹತ್ತಕ್ಕೆ ನಿಲ್ಲದೆ ಒಂಬತ್ತಕ್ಕೆ ಇಳಿಯುವ ಅಪಾಯವಿತ್ತು.

ಹೀಗಾಗಿ ಪ್ರತಿಯೊಂದು ನಮೂದಿಗೂ ಮೂರು ಪ್ರಶ್ನೆಗಳು ಬಂದವು. ಇದನ್ನು ಬರೆದವರಾರು? ಯಾವ ಊರಿನ ಗಡಿಯಾರವನ್ನು ನೋಡಿ ಬರೆದರು? ನಿಯಮ ಬದಲಾಗುವ ಮೊದಲು ಬರೆದರೋ, ಅನಂತರವೋ? ಇವು ಶಾಸನವನ್ನಾಗಲಿ ದಾನಪತ್ರವನ್ನಾಗಲಿ ಪರೀಕ್ಷಿಸುವಾಗ ಚರಿತ್ರಕಾರರು ಕೇಳುವ ಪ್ರಶ್ನೆಗಳೇ. ಇವುಗಳಿಗೆ ಉತ್ತರ ಹೇಳಬಲ್ಲ ಗುರುತುಗಳು ಹಳೆಯ ನಮೂದುಗಳಲ್ಲಿ ಪೂರ್ಣವಾಗಿ ಇರಲಿಲ್ಲ. ಆದ್ದರಿಂದ ಕೊನೆಗೆ ಬಳಕೆಗೆ ಬಂದ ಉಪದೇಶ ತೀರ ಸರಳವಾದುದು: ಸಭೆ ಕರೆದವರು ಮಾತ್ರ ತಿದ್ದಬೇಕು, ತಿದ್ದಿದುದನ್ನು ಉಳಿದವರಿಗೆ ಕಳುಹಿಸಬೇಕು, ಸಂದೇಹದ ವಾರಗಳಲ್ಲಿ ಸಭೆಯ ಹೊತ್ತನ್ನು ಆಹ್ವಾನದ ಒಕ್ಕಣೆಯಲ್ಲಿಯೂ ಅಕ್ಷರಗಳಲ್ಲಿ ಬರೆಯಬೇಕು. ಕಾಗದದ ದಿನಚರಿಯಲ್ಲಿ ಎಂದೂ ಕಳೆದುಹೋಗದಿದ್ದ ಮನುಷ್ಯರ ಮಾತನ್ನು ಹೀಗೆ ಯಂತ್ರದ ಪಕ್ಕದಲ್ಲಿ ಮತ್ತೆ ಬರೆದಿಡಬೇಕಾಯಿತು.

ಈ ಪ್ರಸಂಗದ ಹೊತ್ತಿಗೆ ಸುಧಾರಣೆಯೂ ನಡೆದಿತ್ತು. ೨೦೦೭ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾ ವರ್ಷವರ್ಷಕ್ಕೂ ಬೇರೆ ನಿಯಮವನ್ನು ಇಟ್ಟುಕೊಳ್ಳಬಲ್ಲದಾಗಿತ್ತು; ಅದರೊಡನೆ ಬಂದ ಔಟ್‌ಲುಕ್ ೨೦೦೭ ಒಂಟಿ ನಮೂದುಗಳಲ್ಲಿಯೂ ವಲಯವನ್ನು ದಾಖಲಿಸತೊಡಗಿತು. ಸರ್ವರಿನಲ್ಲಿರುವ ಕ್ಯಾಲೆಂಡರನ್ನು ಹಲವು ತಂತ್ರಾಂಶಗಳು ಸಮಾನ ರೀತಿಯಲ್ಲಿ ಓದಿ ಬರೆಯುವುದಕ್ಕಾಗಿ ಕ್ಯಾಲ್‌ಡ್ಯಾವ್ ಎಂಬ ಮಾನಕವು ಅದೇ ಮಾರ್ಚ್ ತಿಂಗಳಲ್ಲಿ ಪ್ರಕಟವಾಯಿತು. ಐಕ್ಯಾಲೆಂಡರ್ ಮಾನಕವು ಪರಿಷ್ಕೃತವಾಗಿ ೨೦೦೯ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ ೫೫೪೫ ಎಂಬ ಸಂಖ್ಯೆಯನ್ನು ಪಡೆಯಿತು. ವಲಯದ ನಿಯಮಗಳನ್ನೇ ಜಾಲದ ಮೂಲಕ ಹಂಚುವ ಕ್ರಮವು ೨೦೧೬ರಲ್ಲಿ ಮಾನಕವಾಯಿತು.

೬

ಇನ್ನು ಬೆಂಗಳೂರಿನ ಮಾತು. ಭಾರತದಲ್ಲಿ ಗಡಿಯಾರವನ್ನು ಋತುವಿಗೆ ತಕ್ಕಂತೆ ಬದಲಿಸುವ ಪದ್ಧತಿಯಿಲ್ಲ. ಆದರೂ ಅಮೆರಿಕದ ಸಂಸ್ಥೆಗಳೊಡನೆ ಕೆಲಸ ಮಾಡುವ ಇಲ್ಲಿನ ಕಚೇರಿಗಳು ಆ ದೇಶದ ಗಡಿಯಾರಕ್ಕೆ ಒಳಪಟ್ಟಿವೆ. ನ್ಯೂಯಾರ್ಕಿನ ಬೆಳಗಿನ ಹತ್ತು ಗಂಟೆಯೆಂದರೆ ಇಲ್ಲಿ ಚಳಿಗಾಲದಲ್ಲಿ ರಾತ್ರಿ ಎಂಟೂವರೆ, ಬೇಸಗೆಯಲ್ಲಿ ಸಂಜೆ ಏಳೂವರೆ. ಮೇಲಿನ ಉದಾಹರಣೆಯ ಸಭೆಯು ಬೆಂಗಳೂರಿನ ನೌಕರರ ಕ್ಯಾಲೆಂಡರಿನಲ್ಲಿ ಎಂಟೂವರೆಗೇ ಸ್ಥಿರವಾಗಿ ನಿಂತಿತ್ತು. ಇಲ್ಲಿನ ಯಂತ್ರದಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ, ಆಗಬೇಕಾದುದೂ ಇರಲಿಲ್ಲ. ನ್ಯೂಯಾರ್ಕಿನವರು ತಮ್ಮ ಹತ್ತು ಗಂಟೆಗೆ ಅಂಟಿಕೊಂಡು, ತಿದ್ದಿದ ಆಹ್ವಾನವನ್ನು ಕಳುಹಿಸದೆ ಇದ್ದರೆ, ಇಲ್ಲಿಯವರು ಒಂದು ಗಂಟೆ ತಡವಾಗಿ ಬಂದವರೆನಿಸುತ್ತಿದ್ದರು. ದೂರು ಬರುವುದು ಬೆಂಗಳೂರಿನ ಮೇಲೆ. ಬದಲಾದುದು ವಾಷಿಂಗ್ಟನ್ನಿನ ಕಾನೂನು.

ಇದರಿಂದ ಒಂದು ತತ್ತ್ವವು ಹೊರಪಡುತ್ತದೆ. ಮರುಕಳಿಸುವ ಸಭೆಯು ಕರೆದವರ ವಲಯವನ್ನು ಹಿಡಿದು ನಡೆಯುತ್ತದೆ. ಕರೆದವರ ಬೆಳಗು ವರ್ಷವಿಡೀ ಹತ್ತಕ್ಕೆ ನಿಲ್ಲುತ್ತದೆ. ಕರೆಯಿಸಿಕೊಂಡವರ ಸಂಜೆ ಮಾರ್ಚ್ ತಿಂಗಳಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಸರಿಯುತ್ತದೆ. ಲಂಡನ್ನಿನವರೂ ಕೂಡಿದರೆ ತೊಡಕು ಇಮ್ಮಡಿಸುತ್ತದೆ. ಅವರ ಗಡಿಯಾರ ಬದಲಾಗುವುದು ಮಾರ್ಚ್ ತಿಂಗಳ ಕೊನೆಯ ಭಾನುವಾರವಾದುದರಿಂದ, ನಡುವಣ ಎರಡು ಮೂರು ವಾರ ನ್ಯೂಯಾರ್ಕಿಗೂ ಲಂಡನ್ನಿಗೂ ಐದರ ಬದಲು ನಾಲ್ಕು ಗಂಟೆಗಳ ಅಂತರ. ಕ್ಯಾಲೆಂಡರಿನ ಹೊಂದಾಣಿಕೆಯೆಂದಾಗ ಯಾರ ಗಡಿಯಾರಕ್ಕೆ ಯಾರು ಹೊಂದಿಕೊಳ್ಳಬೇಕೆಂಬ ಪ್ರಶ್ನೆ ಒಳಗೇ ಇದೆ. ಮಗುವಿಗೆ ಊಟ ಮಾಡಿಸುವ ಹೊತ್ತನ್ನೂ ಮನೆಗೆ ಹೋಗುವ ಬಸ್ಸನ್ನೂ ಈ ಸಭೆಗೆ ಹೊಂದಿಸಿಕೊಂಡವರಿಗೆ ಇದು ಬರಿಯ ತಾಂತ್ರಿಕ ವಿಚಾರವಲ್ಲ.

೭

ಮೇಲಿನ ಚರಿತ್ರೆಯಿಂದ ತೊಡಕು ಬಂದಾಗ ಅನುಸರಿಸಬೇಕಾದ ಕ್ರಮವು ತಾನಾಗಿ ಸಿದ್ಧಿಸುತ್ತದೆ. ಮೊದಲು, ಭೇದವು ಎಷ್ಟೆಂಬುದನ್ನು ಅಳೆಯಬೇಕು. ಸರಿಯಾಗಿ ಒಂದು ಗಂಟೆಯಿದ್ದರೆ ಬೇಸಗೆಯ ನಿಯಮವನ್ನೂ, ಐದೂವರೆ ಗಂಟೆಯಿದ್ದರೆ ವಿಶ್ವಕಾಲಮಾನವನ್ನು ನಮ್ಮ ಕಾಲವೆಂದು ಓದಿದ ಭ್ರಮೆಯನ್ನೂ, ಇಡೀ ದಿನದ ನಮೂದು ಎರಡು ದಿನವಾಗಿದ್ದರೆ ದಿನಾಂಕವನ್ನು ಕ್ಷಣವೆಂದು ಬರೆದುದನ್ನೂ ಶಂಕಿಸಬೇಕು. ಎರಡನೆಯದಾಗಿ, ಎಲ್ಲ ಸಾಧನಗಳಲ್ಲಿಯೂ ವಲಯವು ಒಂದೇ ಆಗಿದೆಯೇ, ನಿಯಮದ ಕೋಷ್ಟಕವು ಇತ್ತೀಚಿನದೇ ಎಂದು ನೋಡಬೇಕು. ಮೂರನೆಯದಾಗಿ, ನಮೂದು ಎರಡೆರಡು ಬಾರಿ ತೋರಿದರೆ ಒಂದೇ ಕ್ಯಾಲೆಂಡರು ಎರಡು ದಾರಿಗಳಿಂದ ಬಂದು ಸೇರುತ್ತಿದೆಯೇ ಎಂದು ಪರೀಕ್ಷಿಸಬೇಕು. ನಾಲ್ಕನೆಯದಾಗಿ, ಮೂಲಪ್ರತಿ ಯಾವುದು, ಕರೆದವರಾರು ಎಂದು ಗೊತ್ತುಮಾಡಿಕೊಂಡು ಅಲ್ಲಿ ಮಾತ್ರ ತಿದ್ದಬೇಕು. ಪ್ರತಿಗಳನ್ನು ತಿದ್ದಿದರೆ ಮುಂದಿನ ಸಿಂಕ್‌ನಲ್ಲಿ ಮೂಲವು ಅವನ್ನು ಅಳಿಸಿಬಿಡಬಹುದು, ಇಲ್ಲವೆ ತಿದ್ದುಪಡಿ ಎರಡು ಸಲ ಆದೀತು. ಇವೆಲ್ಲ ಮುಗಿದ ಮೇಲೆಯೇ ಖಾತೆಯನ್ನು ಅಳಿಸಿ ಸೇರಿಸುವ ಕೊನೆಯ ಉಪಾಯ.

೨೦೦೭ರ ಬದಲಾವಣೆಗೆ ಅಮೆರಿಕದ ಶಾಸನಸಭೆಯು ಒಂದೂವರೆ ವರ್ಷದ ಮುನ್ಸೂಚನೆಯನ್ನಾದರೂ ಕೊಟ್ಟಿತ್ತು. ಎಲ್ಲ ಸರ್ಕಾರಗಳೂ ಹಾಗೆ ಮಾಡುವುದಿಲ್ಲ. ೨೦೧೮ರ ಅಕ್ಟೋಬರ್ ೨೮ರಂದು ಗಡಿಯಾರವನ್ನು ಹಿಂದಿಡಬೇಕಾಗಿದ್ದ ಮೊರಾಕ್ಕೊ ದೇಶವು, ಹಿಂದಿಡುವುದಿಲ್ಲವೆಂದು ನಿರ್ಧರಿಸಿದುದು ಕೇವಲ ಎರಡು ದಿನ ಮೊದಲು. ಲೆಬನಾನಿನಲ್ಲಿ ೨೦೨೩ರ ಮಾರ್ಚ್ ೨೩ರಂದು ಸರ್ಕಾರವು ಬೇಸಗೆಯ ಕಾಲಮಾನವನ್ನು ಮುಂದೂಡಿತು. ಕೆಲವು ಸಂಸ್ಥೆಗಳು ಅದನ್ನು ಒಪ್ಪದೆ ಗಡಿಯಾರವನ್ನು ಮುಂದಿಟ್ಟವು. ದೇಶದೊಳಗೆ ಕೆಲವು ದಿನ ಎರಡು ಕಾಲಗಳು ನಡೆದವು. ಮಾರ್ಚ್ ೨೭ರಂದು ಸರ್ಕಾರವು ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಇಂಥಲ್ಲಿ ಯಾವ ಕೋಷ್ಟಕವೂ ಸಕಾಲದಲ್ಲಿ ಎಲ್ಲ ಯಂತ್ರಗಳನ್ನೂ ಮುಟ್ಟಲಾರದು.

ಆದಕಾರಣ, ನಡೆದುಹೋದ ಘಟನೆಗೆ ಕ್ಷಣವೇ ಪ್ರಮಾಣ. ಮುಂದೆ ನಡೆಯಬೇಕಾದುದಕ್ಕೆ ಮಾತೇ ಪ್ರಮಾಣ ಎಂಬುದು ನಮ್ಮ ಮತ. ಭವಿಷ್ಯದ ಸಭೆಯನ್ನು ದಾಖಲಿಸುವ ತಂತ್ರಾಂಶವು ಯಾವ ಊರಿನ ಎಷ್ಟು ಗಂಟೆ ಎಂಬ ಮೂಲ ಮಾತನ್ನು ಕೆಡಿಸದೆ ಇಟ್ಟುಕೊಂಡು, ಕ್ಷಣವನ್ನು ಆಗಾಗ ಹೊಸದಾಗಿ ಎಣಿಸಿಕೊಳ್ಳಬೇಕು. ಸಭೆ ಕರೆಯುವವರೂ ತಮ್ಮ ಊರಿನ ಗಂಟೆಯ ಪಕ್ಕದಲ್ಲಿ ಕೇಳುವವರ ಊರಿನ ಗಂಟೆಯನ್ನು ಬರೆದರೆ, ನಿಯಮ ಬದಲಾದ ವಾರದಲ್ಲಿ ಎರಡೂ ಹೊಂದುತ್ತಿಲ್ಲವೆಂಬುದು ಓದಿದವರಿಗೆ ಸಭೆಗೆ ಮುಂಚೆಯೇ ಗೊತ್ತಾಗುತ್ತದೆ. ಯಾರ ಹೊತ್ತು ಸರಿಯಬೇಕೆಂಬುದನ್ನು ಆಗ ಅವರವರೇ ಕೇಳಿ ತೀರ್ಮಾನಿಸಿಕೊಳ್ಳಬಹುದು.